ಪರದೆಯ ಮೇಲೆ ಕನ್ನಡ ತಿಳಿಯಾಗಿ ಕಾಣಬೇಕಾದರೆ

ಹೊಸ ಮಾನಿಟರ್ ಮನೆಗೆ ಬಂದ ವಾರದಲ್ಲೇ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತೆರನಾದವು. ಬೆಳಕು ಕಣ್ಣಿಗೆ ಹೊಡೆಯುತ್ತದೆ, ಅಕ್ಷರ ತೀರ ಚಿಕ್ಕದು, ದೊಡ್ಡದು ಮಾಡಿದರೆ ಮಸುಕು. ಫೋಟೊ ಚೆನ್ನಾಗಿ ಕಾಣುತ್ತದೆ, ಸಿನಿಮಾ ಚೆನ್ನಾಗಿ ಕಾಣುತ್ತದೆ, ಓದಲು ಕೂತರೆ ಮಾತ್ರ ಕಣ್ಣು ಸೋಲುತ್ತದೆ. ಮಾನಿಟರ್ ಕಳಪೆ ಎಂದೋ ಕನ್ನಡಕದ ನಂಬರು ಬದಲಾಗಿದೆ ಎಂದೋ ಬಹಳ ಮಂದಿ ತೀರ್ಮಾನಿಸಿಬಿಡುತ್ತಾರೆ. ಎರಡೂ ಇರಬಹುದು. ಆದರೆ ಮೊದಲು ಅನುಮಾನಿಸಬೇಕಾದದ್ದು ಬೇರೆ. ಕಂಪ್ಯೂಟರಿನಿಂದ ಪರದೆಯವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಚಿತ್ರದ ಅಳತೆ ಬದಲಾಗುತ್ತಿದೆ. ಆ ಜಾಗ ಹುಡುಕಿ ಸರಿಪಡಿಸಿದರೆ ಕಾಸು ಖರ್ಚಿಲ್ಲದೆ ಪರದೆ ತಿಳಿಯಾಗುತ್ತದೆ.

ದಪ್ಪ ಬೆನ್ನಿನ ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿನಲ್ಲಿ ಎಲೆಕ್ಟ್ರಾನ್ ಕಿರಣ ಗಾಜಿನ ಒಳಮೈಮೇಲೆ ಓಡಾಡಿ ಚಿತ್ರ ಬರೆಯುತ್ತಿತ್ತು. 800×600 ಕೇಳಿದರೂ ಬರೆಯುತ್ತಿತ್ತು, 1024×768 ಕೇಳಿದರೂ ಬರೆಯುತ್ತಿತ್ತು. ಯಾವುದೂ ತೀರ ಕತ್ತರಿಸಿದಷ್ಟು ಚೂಪಾಗಿ ಇರುತ್ತಿರಲಿಲ್ಲ, ಯಾವುದೂ ತೀರ ಕೆಡುತ್ತಿರಲಿಲ್ಲ. ಚಪ್ಪಟೆ ಪರದೆಗೆ ಈ ಉದಾರತೆ ಇಲ್ಲ. ಅದರಲ್ಲಿ ಇರುವ ಪಿಕ್ಸೆಲ್‌ಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. 1920×1080 ಎಂದಿದ್ದರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇದೇ ಆ ಪರದೆಯ ಸಹಜ ರೆಸಲ್ಯೂಶನ್. ಗಣಿತದ ಚೌಕಳಿ ಪುಸ್ತಕದ ಮನೆಗಳಂತೆ, ಒಂದು ಮನೆಯನ್ನು ಪೂರ್ತಿ ತುಂಬಬಹುದು ಅಥವಾ ಖಾಲಿ ಬಿಡಬಹುದು. ಮನೆಯೊಳಗೆ ಅರ್ಧ ಗೆರೆ ಎಳೆಯಲು ಆಗದು. ಇಂಥ ಪರದೆಗೆ 1366×768 ಅಳತೆಯ ಚಿತ್ರ ಕಳಿಸಿದರೆ ಒಂದು ಪಿಕ್ಸೆಲ್ ದಪ್ಪದ ಗೆರೆಗೆ 1.4 ಪಿಕ್ಸೆಲ್ ಜಾಗ ಬೇಕಾಗುತ್ತದೆ. ಆ ಪಾಯಿಂಟ್ ನಾಲ್ಕನ್ನು ಎಲ್ಲಿಡುವುದು? ಪಕ್ಕದ ಪಿಕ್ಸೆಲ್‌ಗೆ ಬೂದು ಬಳಿದು ತೇಪೆ ಹಾಕುತ್ತದೆ ಮಾನಿಟರ್. ಪುಟದ ತುಂಬ ಅಂಥ ಬೂದು ಅಂಚುಗಳು ಸೇರಿದಾಗ ನಮಗೆ ಕಾಣುವುದೇ ಮಸುಕು.

ಹಾಗಾಗಿ ಮೊದಲ ಕೆಲಸ ಇದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ. ಡಿಸ್‌ಪ್ಲೇ ರೆಸಲ್ಯೂಶನ್ ಪಟ್ಟಿಯಲ್ಲಿ ಒಂದು ಸಂಖ್ಯೆಯ ಮುಂದೆ ರೆಕಮೆಂಡೆಡ್ ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಅದೇ ಸಹಜ ರೆಸಲ್ಯೂಶನ್. ಆದರೂ ಮಾನಿಟರಿನ ಡಬ್ಬದ ಮೇಲೋ ಕೈಪಿಡಿಯಲ್ಲೋ ನಮೂದಿಸಿದ ಸಂಖ್ಯೆಯೊಂದಿಗೆ ತಾಳೆ ನೋಡುವುದು ಒಳ್ಳೆಯದು. ಹಳೆಯ ಕೇಬಲ್, ಅಗ್ಗದ ಕನ್ವರ್ಟರ್ ನಡುವೆ ಬಂದರೆ ಮಾನಿಟರ್ ತನ್ನ ಅಳತೆಯನ್ನು ಕಂಪ್ಯೂಟರಿಗೆ ಹೇಳಲಾಗದೆ ಹೋಗಬಹುದು. ಆಗ ಕಂಪ್ಯೂಟರ್ 1024×768ರಂಥ ಯಾವುದೋ ಸುರಕ್ಷಿತ ಅಳತೆಗೆ ನಿಂತುಬಿಡುತ್ತದೆ.

ಅಕ್ಷರ ಚಿಕ್ಕದಾಯಿತೆಂದು ರೆಸಲ್ಯೂಶನ್ ಇಳಿಸಬೇಡಿ

ನಮ್ಮ ಮನೆ, ಕಚೇರಿಗಳಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದು. ಹಿರಿಯರೊಬ್ಬರು ಅಕ್ಷರ ಕಾಣುವುದಿಲ್ಲ ಎನ್ನುತ್ತಾರೆ. ನೆರವಿಗೆ ಬಂದವರು ರೆಸಲ್ಯೂಶನ್ ಇಳಿಸಿ ಎಲ್ಲವನ್ನೂ ದೊಡ್ಡದು ಮಾಡಿ ಹೋಗುತ್ತಾರೆ. ಅಕ್ಷರ ದೊಡ್ಡದಾಯಿತು ನಿಜ, ಅದರೊಟ್ಟಿಗೆ ಮಸುಕೂ ಶಾಶ್ವತವಾಗಿ ಬಂದು ಕೂತಿತು. ಆಮೇಲೆ ವರ್ಷಗಟ್ಟಲೆ ಆ ಹಿರಿಯರು ತಮ್ಮ ಕಣ್ಣನ್ನೇ ದೂರುತ್ತಾ ಓದುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸರಿಯಾದ ಗುಂಡಿ ಅದರ ಮಗ್ಗುಲಲ್ಲೇ ಇರುತ್ತದೆ.

ಆ ಗುಂಡಿಯ ಹೆಸರು ಸ್ಕೇಲ್. ರೆಸಲ್ಯೂಶನ್ ಪಟ್ಟಿಯ ಪಕ್ಕದಲ್ಲೇ ಶೇ 100, 125, 150 ಎಂಬ ಆಯ್ಕೆಗಳು ಸಿಗುತ್ತವೆ. ರೆಸಲ್ಯೂಶನ್ ಇಳಿಸಿದಾಗ ಸಿದ್ಧವಾದ ಚಿತ್ರವನ್ನು ಹಿಗ್ಗಿಸಲಾಗುತ್ತದೆ. ಸ್ಕೇಲ್ ಏರಿಸಿದಾಗ ಅಕ್ಷರವನ್ನೇ ದೊಡ್ಡ ಅಳತೆಯಲ್ಲಿ ಹೊಸದಾಗಿ ಬರೆಯಲಾಗುತ್ತದೆ. ಫಾಂಟಿನೊಳಗೆ ಅಕ್ಷರದ ರೂಪ ಗೆರೆ ಮತ್ತು ಬಾಗುಗಳ ಲೆಕ್ಕವಾಗಿ ಇರುವುದರಿಂದ ಎಷ್ಟು ದೊಡ್ಡದಾಗಿ ಬರೆದರೂ ಅಂಚು ಕೆಡುವುದಿಲ್ಲ. ದೊಡ್ಡದಾದಷ್ಟೂ ಪಿಕ್ಸೆಲ್ ಹೆಚ್ಚು ಸಿಕ್ಕಿ ಇನ್ನೂ ಚೆನ್ನಾಗುತ್ತದೆ. ಬರೀ ಅಕ್ಷರ ಮಾತ್ರ ದೊಡ್ಡದಾಗಬೇಕು, ಕಿಟಕಿ-ಗುಂಡಿಗಳು ಹಾಗೇ ಇರಲಿ ಎಂದಾದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಟೆಕ್ಸ್ಟ್ ಸೈಜ್ ಇದೆ. ಶೇ 225ರವರೆಗೂ ಏರಿಸಬಹುದು. ಬ್ರೌಸರಿನಲ್ಲಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತುವುದೂ ಇದೇ ಬಗೆಯ ಹೊಸ ಬರವಣಿಗೆ.

ಸ್ಕೇಲ್ ಏರಿಸಿದ ಮೇಲೆ ಒಂದೆರಡು ತಂತ್ರಾಂಶಗಳು ಮಾತ್ರ ಮಸುಕಾಗುವುದುಂಟು. ಬಹಳ ವರ್ಷಗಳ ಹಿಂದೆ ಬರೆದ ಲೆಕ್ಕಪತ್ರದ ತಂತ್ರಾಂಶ, ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶಗಳಿಗೆ ಸ್ಕೇಲ್ ಎಂಬುದೇ ಗೊತ್ತಿರುವುದಿಲ್ಲ. ಅವು ಶೇ 100ರ ಅಳತೆಗೆ ಬರೆದದ್ದನ್ನು ವಿಂಡೋಸ್ ಚಿತ್ರದಂತೆ ಹಿಗ್ಗಿಸಿ ತೋರಿಸುತ್ತದೆ. ಅಂಥ ತಂತ್ರಾಂಶದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಹಾಳೆ ತೆರೆದು, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ಒತ್ತಿ, ಕೆಳಗಿನ ಓವರ್‌ರೈಡ್ ಆಯ್ಕೆಗೆ ಗುರುತು ಹಾಕಿ. ಅಪ್ಲಿಕೇಶನ್ ಎಂದಾಗ ಅಕ್ಷರ ಚೂಪಾಗುತ್ತದೆ ಆದರೆ ಚಿಕ್ಕದಾಗಬಹುದು. ಸಿಸ್ಟಮ್ ಎನ್‌ಹ್ಯಾನ್ಸ್ಡ್ ಎಂದಾಗ ಕೆಲವು ತಂತ್ರಾಂಶಗಳಲ್ಲಿ ಎರಡೂ ಸರಿಹೋಗುತ್ತವೆ. ಎರಡನ್ನೂ ಪ್ರಯತ್ನಿಸಿ ಯಾವುದು ಹೊಂದುತ್ತದೋ ಅದನ್ನು ಇಟ್ಟುಕೊಳ್ಳಿ.

ಪರೀಕ್ಷೆಗೆ ನಮ್ಮ ಒತ್ತಕ್ಷರವೇ ಸಾಕು

ಪರದೆ ತಿಳಿಯಾಗಿದೆಯೇ ಎಂದು ನೋಡಲು ಇಂಗ್ಲಿಷ್ ಪುಟ ಸಾಲದು. ನೋಟ್‌ಪ್ಯಾಡ್ ತೆರೆದು 11 ಪಾಯಿಂಟ್ ಗಾತ್ರದಲ್ಲಿ ಈ ಪದಗಳನ್ನು ಬರೆದು ನೋಡಿ: ದನ, ಧನ, ಮರ, ಮಠ, ಬಾರಿ, ಭಾರಿ, ಸ್ವಾತಂತ್ರ್ಯ, ರಾಷ್ಟ್ರ, ಲಕ್ಷ್ಮಿ. ದನಕ್ಕೂ ಧನಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದಲ್ಲಿನ ಒಂದು ಸಣ್ಣ ಸೀಳು. ಮರ ಮಠವಾಗುವುದು ನಡುವಿನ ಒಂದು ಚುಕ್ಕೆಯಿಂದ. ಸ್ವಾತಂತ್ರ್ಯದ ಕೊನೆಯಲ್ಲಿ ತಕಾರದ ಕೆಳಗೆ ರಕಾರ, ಯಕಾರಗಳ ಒತ್ತು ಎರಡೂ ಸೇರಬೇಕು. ಸ್ಕೇಲ್ ಶೇ 100 ಇದ್ದಾಗ 11 ಪಾಯಿಂಟ್ ಅಕ್ಷರಕ್ಕೆ ಒಟ್ಟು ಸಿಗುವ ಎತ್ತರ ಸುಮಾರು 15 ಪಿಕ್ಸೆಲ್. ತಲೆಕಟ್ಟು, ಗುಡಿಸು, ಅಕ್ಷರದ ಒಡಲು, ಒತ್ತು ಎಲ್ಲವೂ ಅದರೊಳಗೇ ಹಂಚಿಕೊಳ್ಳಬೇಕು. ಒತ್ತಿನ ಪಾಲಿಗೆ ಉಳಿಯುವುದು ಬೆರಳೆಣಿಕೆಯ ಪಿಕ್ಸೆಲ್‌ಗಳು. ರೋಮನ್ ಲಿಪಿಯಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ, ಕನ್ನಡದಲ್ಲಿ ಒಂದರ ಕೆಳಗೆ ಒಂದು ಇಳಿಯುತ್ತವೆ. ಇಂಗ್ಲಿಷಿಗೆ ಚೆನ್ನಾಗಿದೆ ಎನಿಸಿದ ಮಾನಿಟರ್ ಕನ್ನಡಕ್ಕೆ ಸೋಲುವುದು ಇದೇ ಕಾರಣಕ್ಕೆ.

ಕ್ಲಿಯರ್‌ಟೈಪ್ ಎಂಬ ತಂತ್ರವನ್ನೂ ಈ ಬೆಳಕಿನಲ್ಲೇ ನೋಡಬೇಕು. ಚಪ್ಪಟೆ ಪರದೆಯ ಒಂದೊಂದು ಪಿಕ್ಸೆಲ್ ಒಳಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳು ಸಾಲಾಗಿ ನಿಂತಿರುತ್ತವೆ. ಆ ಪಟ್ಟಿಗಳನ್ನು ಬೇರೆಬೇರೆಯಾಗಿ ಬೆಳಗಿಸಿದರೆ ಅಡ್ಡಕ್ಕೆ ಮೂರು ಪಟ್ಟು ಸೂಕ್ಷ್ಮವಾಗಿ ಅಕ್ಷರ ಬರೆದಂತಾಗುತ್ತದೆ. ಮೈಕ್ರೋಸಾಫ್ಟ್ 1998ರಲ್ಲಿ ಇದನ್ನು ಘೋಷಿಸಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಇದ್ದರೂ ನಾವೇ ಚಾಲೂ ಮಾಡಿಕೊಳ್ಳಬೇಕಿತ್ತು, ವಿಸ್ಟಾದಿಂದ ತಾನಾಗಿಯೇ ಚಾಲೂ ಇರುತ್ತದೆ. ಲಾಭ ಸಿಗುವುದು ಅಡ್ಡಕ್ಕೆ ಮಾತ್ರ. ಮೇಲಿಂದ ಕೆಳಕ್ಕೆ ಇರುವುದು ಅದೇ ಹಳೆಯ ಪಿಕ್ಸೆಲ್ ಲೆಕ್ಕ. ನಮ್ಮ ಒತ್ತುಗಳು ಇಕ್ಕಟ್ಟಾಗುವುದು ಆ ದಿಕ್ಕಿನಲ್ಲೇ. ಆದ್ದರಿಂದ ಕ್ಲಿಯರ್‌ಟೈಪ್ ಕನ್ನಡಕ್ಕೆ ಅರ್ಧ ನೆರವು ಮಾತ್ರ. ಉಳಿದರ್ಧವನ್ನು ಅಕ್ಷರದ ಗಾತ್ರ ಹೆಚ್ಚಿಸಿಯೇ ಗಳಿಸಬೇಕು.

ಆ ಅರ್ಧವನ್ನಾದರೂ ಬಿಡಬಾರದು. ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಎಂದು ಹುಡುಕಿದರೆ ಹೊಂದಾಣಿಕೆಯ ಕಿಟಕಿ ತೆರೆಯುತ್ತದೆ. ಅದು ತೋರಿಸುವ ಮಾದರಿಗಳಲ್ಲಿ ಕಣ್ಣಿಗೆ ಹಿತವಾದದ್ದನ್ನು ಆರಿಸುತ್ತಾ ಹೋದರೆ ಎರಡು ನಿಮಿಷದ ಕೆಲಸ. ರೆಸಲ್ಯೂಶನ್ ಸರಿಪಡಿಸಿದ ಮೇಲೆಯೇ ಇದನ್ನು ಮಾಡಿ, ಮೊದಲು ಮಾಡಿದರೆ ವ್ಯರ್ಥ. ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ಬಣ್ಣದ ಛಾಯೆ ಎದ್ದು ಕಂಡರೆ ಪಟ್ಟಿಗಳ ಕ್ರಮ ಹೊಂದುತ್ತಿಲ್ಲ ಎಂದರ್ಥ. ಮಾನಿಟರನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದಾಗ ಹೀಗಾಗುತ್ತದೆ. ಕೆಲವು ಓಲೆಡ್ ಪರದೆಗಳಲ್ಲಿ ಪಟ್ಟಿಗಳ ಜೋಡಣೆಯೇ ಬೇರೆಯಾದ್ದರಿಂದ ಅಲ್ಲೂ ಆಗುತ್ತದೆ. ಆಗ ಕ್ಲಿಯರ್‌ಟೈಪ್ ನಿಲ್ಲಿಸುವುದೇ ಮೇಲು. ಲಿನಕ್ಸ್ ಬಳಸುವವರಿಗೆ ಇದೇ ಆಯ್ಕೆ ಫಾಂಟ್ ಸೆಟ್ಟಿಂಗ್‌ನಲ್ಲಿ ಸಬ್‌ಪಿಕ್ಸೆಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಮ್ಯಾಕ್ ಬಳಸುವವರಿಗೆ ಸಿಗುವುದಿಲ್ಲ. 2018ರ ಮೊಹಾವೆ ಆವೃತ್ತಿಯಿಂದ ಆಪಲ್ ಇದನ್ನು ಕೈಬಿಟ್ಟಿತು. ಹೀಗಾಗಿ ಮ್ಯಾಕ್‌ಗೆ ಸಾಧಾರಣ 24 ಇಂಚಿನ ಮಾನಿಟರ್ ಜೋಡಿಸಿದವರಿಗೆ ಕನ್ನಡ ತುಸು ತೆಳುವಾಗಿ, ಮಂಜಾಗಿ ಕಂಡರೆ ಆಶ್ಚರ್ಯವಿಲ್ಲ. ಅವರಿಗೆ ಪಿಕ್ಸೆಲ್ ದಟ್ಟವಾಗಿರುವ ಮಾನಿಟರೇ ಪರಿಹಾರ.

ಫಾಂಟನ್ನೂ ಬದಲಿಸಿ ನೋಡಬೇಕು. ಹಳೆಯ ವಿಂಡೋಸ್‌ನ ತುಂಗಾ ಫಾಂಟ್‌ಗಿಂತ ವಿಂಡೋಸ್ 8ರಿಂದ ಬಂದ ನಿರ್ಮಲಾ ಯುಐ ಪರದೆಯ ಮೇಲೆ ಓದಲು ಹೆಚ್ಚು ಸಲೀಸು ಎಂಬುದು ನನ್ನ ಅಭಿಪ್ರಾಯ. ಗೂಗಲ್‌ನ ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಗೆರೆಗಳ ದಪ್ಪ ಸಮವಾಗಿದೆ. ಗೆರೆ ದಪ್ಪ-ತೆಳು ಆಗುವ ಅಲಂಕಾರದ ಫಾಂಟುಗಳು ಮುದ್ರಣಕ್ಕೆ ಚೆಂದ, ಸಾಧಾರಣ ಪರದೆಯಲ್ಲಿ ಅವುಗಳ ತೆಳು ಗೆರೆ ಬೂದಾಗಿ ಕರಗುತ್ತದೆ. ವರ್ಡ್‌ನಲ್ಲಿ ಕನ್ನಡ ಬರೆಯುವಾಗ 14 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಇಟ್ಟುಕೊಳ್ಳಿ. ಮುದ್ರಿಸುವ ಮುನ್ನ ಬೇಕಾದರೆ ಇಳಿಸಬಹುದು.

ಇಷ್ಟೆಲ್ಲ ಮಾಡಿದರೂ ಕೆಲವು ಪುಟ ತಿಳಿಯಾಗುವುದಿಲ್ಲ. ಅನೇಕ ಇ-ಪೇಪರ್‌ಗಳ ಪುಟ, ಗ್ರಂಥಾಲಯಗಳ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ, ವಾಟ್ಸಾಪ್‌ನಲ್ಲಿ ಸುತ್ತಿ ಬಂದ ಸುತ್ತೋಲೆಯ ಫೋಟೊ, ಇವೆಲ್ಲ ಅಕ್ಷರದಂತೆ ಕಾಣುವ ಚಿತ್ರಗಳು. ಇವುಗಳನ್ನು ಹಿಗ್ಗಿಸಿದಷ್ಟೂ ಮಸುಕು ಹಿಗ್ಗುತ್ತದೆ. ಇಲ್ಲಿ ಮಾನಿಟರಿನ ತಪ್ಪೇನೂ ಇಲ್ಲ. ಪಿಡಿಎಫ್ ಸಿಗುವಂತಿದ್ದರೆ ಅದನ್ನೇ ಇಳಿಸಿಕೊಳ್ಳಿ. ಮೌಸ್‌ನಿಂದ ಎಳೆದಾಗ ಅಕ್ಷರ ಆಯ್ಕೆಯಾದರೆ ಅದು ನಿಜವಾದ ಪಠ್ಯ, ಆಗದಿದ್ದರೆ ಬಹುಪಾಲು ಚಿತ್ರ.

ಕೇಬಲ್ ಮತ್ತು ಟಿವಿ

ನೀಲಿ ತಲೆಯ, ಎರಡು ಬದಿ ತಿರುಪು ಇರುವ ವಿಜಿಎ ಕೇಬಲ್ 1987ರಲ್ಲಿ ಐಬಿಎಂ ತಂದ ವ್ಯವಸ್ಥೆ. ಪಿಕ್ಚರ್ ಟ್ಯೂಬ್‌ಗೆಂದೇ ರೂಪಿಸಿದ್ದು. ಅದು ಚಿತ್ರವನ್ನು ಏರಿಳಿಯುವ ವಿದ್ಯುತ್ ಅಲೆಯಾಗಿ ಕಳಿಸುತ್ತದೆ. ಆ ಅಲೆಯನ್ನು ಮತ್ತೆ ಪಿಕ್ಸೆಲ್‌ಗಳಾಗಿ ಕತ್ತರಿಸುವುದು ಮಾನಿಟರಿನ ಕೆಲಸ. ಕತ್ತರಿಸುವ ಹೊತ್ತು ಕೂದಲೆಳೆಯಷ್ಟು ಆಚೀಚೆಯಾದರೂ ಅಕ್ಷರದ ಅಂಚು ನಡುಗುತ್ತದೆ, ಪಕ್ಕದಲ್ಲಿ ನೆರಳು ಬೀಳುತ್ತದೆ. ಕಂಪ್ಯೂಟರ್ ಮತ್ತು ಮಾನಿಟರ್ ಎರಡರಲ್ಲೂ ಎಚ್‌ಡಿಎಂಐ, ಡಿವಿಐ ಅಥವಾ ಡಿಸ್‌ಪ್ಲೇಪೋರ್ಟ್ ಇದ್ದರೆ ವಿಜಿಎ ಕಿತ್ತು ಅದನ್ನು ಹಾಕಿ. ನಮ್ಮ ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಎಚ್‌ಡಿಎಂಐ ತೂತು ಖಾಲಿ ಇದ್ದೂ ವಿಜಿಎಯಲ್ಲೇ ನಡೆಯುತ್ತಿರುವ ಕಂಪ್ಯೂಟರುಗಳು ಈಗಲೂ ಕಾಣಸಿಗುತ್ತವೆ. ಕಂಪ್ಯೂಟರ್ ತೀರ ಹಳೆಯದಾಗಿ ವಿಜಿಎ ಬಿಟ್ಟು ಗತಿಯಿಲ್ಲದಿದ್ದರೆ, ಅಕ್ಷರ ತುಂಬಿದ ಬಿಳಿ ಪುಟವೊಂದನ್ನು ಪರದೆ ಪೂರ್ತಿ ತೆರೆದಿಟ್ಟು ಮಾನಿಟರಿನ ಆಟೊ ಗುಂಡಿ ಒತ್ತಿ. ಕಪ್ಪು ಪರದೆ ಇಟ್ಟು ಒತ್ತಿದರೆ ಅದಕ್ಕೆ ಅಳೆಯಲು ಏನೂ ಸಿಗುವುದಿಲ್ಲ. ಆಗಲೂ ಉದ್ದುದ್ದ ಮಸುಕು ಪಟ್ಟೆಗಳು ಉಳಿದರೆ ಮೆನುವಿನಲ್ಲಿ ಕ್ಲಾಕ್ ಸರಿಪಡಿಸಿ, ಅಂಚಿನ ನಡುಕ ಉಳಿದರೆ ಫೇಸ್ ಸರಿಪಡಿಸಿ.

ಎಚ್‌ಡಿಎಂಐ ಹಾಕಿದರೂ ಕಪ್ಪು ಬೂದುಬೂದಾಗಿ, ಎಲ್ಲವೂ ತೊಳೆದಂತೆ ಪೇಲವವಾಗಿ ಕಾಣಬಹುದು. ಟಿವಿ ಜಗತ್ತಿನಲ್ಲಿ ಕಪ್ಪಿಗೆ 16, ಬಿಳಿಗೆ 235 ಎಂಬ ಲೆಕ್ಕ. ಕಂಪ್ಯೂಟರಿನಲ್ಲಿ 0 ಮತ್ತು 255. ಎದುರಿಗಿರುವುದು ಟಿವಿ ಎಂದು ಗ್ರಾಫಿಕ್ಸ್ ಕಾರ್ಡ್ ತಪ್ಪು ತಿಳಿದರೆ ಕಪ್ಪು ಪೂರ್ತಿ ಕಪ್ಪಾಗುವುದಿಲ್ಲ. ಗ್ರಾಫಿಕ್ಸ್ ತಂತ್ರಾಂಶದಲ್ಲಿ ಕ್ವಾಂಟೈಸೇಷನ್ ರೇಂಜ್ ಅಥವಾ ಔಟ್‌ಪುಟ್ ಡೈನಾಮಿಕ್ ರೇಂಜ್ ಎಂಬಲ್ಲಿ ಫುಲ್ ಆಯ್ಕೆ ಮಾಡಿ.

ಟಿವಿಯನ್ನೇ ಮಾನಿಟರ್ ಮಾಡಿಕೊಂಡವರು ಇನ್ನೂ ಎರಡು ಕಡೆ ನೋಡಬೇಕು. ಟಿವಿಗಳು ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಕತ್ತರಿಸುವ ಹಳೆಯ ಅಭ್ಯಾಸ ಇಟ್ಟುಕೊಂಡಿವೆ. ಟಾಸ್ಕ್‌ಬಾರ್ ಅರ್ಧ ಕಾಣದಿದ್ದರೆ ಇದೇ ಕಾರಣ. ಚಿತ್ರದ ಅಳತೆಯ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಥವಾ 1:1 ಎಂಬುದನ್ನು ಆರಿಸಿ. ಕೆಲವು ಟಿವಿಗಳು ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸಿ ತೋರಿಸುವುದರಿಂದ ಬಣ್ಣದ ಅಕ್ಷರಗಳ ಅಂಚು ಹರಡುತ್ತದೆ. ಹಲವು ಟಿವಿಗಳಲ್ಲಿ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಬದಲಿಸಿದೊಡನೆ ಇದು ನಿಲ್ಲುತ್ತದೆ.

ಬೆಳಕು, ಜಾಗ, ಕಣ್ಣು

ಅಂಗಡಿಯ ಝಗಮಗ ಬೆಳಕಿನಲ್ಲಿ ಎದ್ದು ಕಾಣಲೆಂದು ಬಹುತೇಕ ಮಾನಿಟರುಗಳು ವಿಪರೀತ ಪ್ರಖರವಾಗಿ ಹೊಂದಿಸಿಯೇ ಬರುತ್ತವೆ. ಒಂದು ಬಿಳಿ ಕಾಗದವನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯ ಬಿಳಿ ದೀಪದಂತೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ. ಕಾಗದದ ಮುಂದೆ ಮಂಕಾಗಿದ್ದರೆ ಏರಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಆಗುವಲ್ಲಿ ನಿಲ್ಲಿಸಿ. ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಮಟ್ಟ ಬೇಕಾಗುತ್ತದೆ. ಕಾಂಟ್ರಾಸ್ಟ್ ಮುಟ್ಟುವ ಅಗತ್ಯ ಅಪರೂಪ. ಡೈನಾಮಿಕ್ ಕಾಂಟ್ರಾಸ್ಟ್ ಎಂಬುದಿದ್ದರೆ ನಿಲ್ಲಿಸಿಬಿಡಿ, ಪುಟ ಬದಲಾದಂತೆಲ್ಲ ಬೆಳಕು ಏರಿಳಿಯುವುದು ಓದುವವರಿಗೆ ಹಿಂಸೆ. ಬಣ್ಣಕ್ಕೆ ಎಸ್‌ಆರ್‌ಜಿಬಿ ಅಥವಾ 6500 ಕೆ ಸಾಕು. ಶಾರ್ಪ್‌ನೆಸ್ ಎಂಬ ಹೆಸರು ನೋಡಿ ಮೋಸಹೋಗುವವರು ಬಹಳ. ಅದನ್ನು ಏರಿಸಿದರೆ ಹೊಸ ವಿವರವೇನೂ ಹುಟ್ಟುವುದಿಲ್ಲ, ಅಕ್ಷರದ ಸುತ್ತ ಬಿಳಿ ಅಂಚು ಮೂಡುತ್ತದೆ, ಒತ್ತಕ್ಷರಗಳು ಒಂದಕ್ಕೊಂದು ಅಂಟಿದಂತಾಗುತ್ತವೆ. ಕಾರ್ಖಾನೆಯ ಮಟ್ಟದಲ್ಲೇ ಬಿಡಿ.

ಪರದೆ ಕೈಚಾಚಿದಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್ ದೂರದಲ್ಲಿರಲಿ. ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ಕಿಟಕಿ ಬೆನ್ನಿಗೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ. ನಲವತ್ತು ದಾಟಿ ಪ್ರೊಗ್ರೆಸ್ಸಿವ್ ಅಥವಾ ಬೈಫೋಕಲ್ ಕನ್ನಡಕ ಹಾಕುವವರ ವಿಷಯ ಸ್ವಲ್ಪ ಬೇರೆ. ಕನ್ನಡಕದ ಕೆಳಭಾಗದಿಂದ ಪರದೆ ನೋಡಲು ಅವರು ಗದ್ದ ಎತ್ತಿ ಕೂರುತ್ತಾರೆ. ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆ. ಅವರಿಗೆ ಮಾನಿಟರ್ ಇನ್ನಷ್ಟು ಕೆಳಗಿರಬೇಕು. ದಿನವಿಡೀ ಕೆಲಸವಿದ್ದರೆ, ಪರದೆಯ ದೂರವನ್ನು ಅಳೆದು ವೈದ್ಯರಿಗೆ ತಿಳಿಸಿ ಆ ದೂರಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಳ್ಳುವುದು ಒಳ್ಳೆಯದು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಸುರಿಯಬೇಕಿಲ್ಲ. ಕಂಪ್ಯೂಟರ್ ಬಳಕೆಗೆ ಅದರ ಅಗತ್ಯವಿಲ್ಲವೆಂದೇ ಅಮೆರಿಕದ ನೇತ್ರತಜ್ಞರ ಅಕಾಡೆಮಿ ಹೇಳುತ್ತದೆ. ಕಣ್ಣು ಉರಿಯಲು ಹೆಚ್ಚಿನ ಕಾರಣ ರೆಪ್ಪೆ. ನಿಮಿಷಕ್ಕೆ ಹದಿನೈದು ಸಲದಂತೆ ಬಡಿಯುವ ರೆಪ್ಪೆ ಪರದೆಯ ಮುಂದೆ ಅರ್ಧಕ್ಕೆ ಇಳಿದು ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಸೆಕೆಂಡ್ ಕಾಲ 20 ಅಡಿ ದೂರದ ಯಾವುದನ್ನಾದರೂ ನೋಡಿ, ಬೇಕೆಂದೇ ನಾಲ್ಕು ಬಾರಿ ರೆಪ್ಪೆ ಬಡಿಯಿರಿ.

ಧೂಳು ಒರೆಸಲು ಮಾನಿಟರ್ ಆಫ್ ಮಾಡಿ, ಮೃದುವಾದ ಮೈಕ್ರೋಫೈಬರ್ ಬಟ್ಟೆ ಬಳಸಿ. ಕಲೆ ಹೋಗದಿದ್ದರೆ ಬಟ್ಟೆಯನ್ನು ತುಸು ಒದ್ದೆ ಮಾಡಿಕೊಳ್ಳಿ; ಪರದೆಗೆ ನೇರ ಸಿಂಪಡಿಸಬೇಡಿ. ಕಿಟಕಿ ಗಾಜಿಗೆ ಬಳಸುವ ಅಮೋನಿಯಾ ದ್ರಾವಣ ಪರದೆಯ ಮೇಲಿನ ಪದರವನ್ನೇ ಕೆಡಿಸಬಹುದು.

ಕೊಳ್ಳುವವರಿಗೆ

ಇಂಚು ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಓದುವವರಿಗೆ ದುಬಾರಿ. 1920×1080 ಪಿಕ್ಸೆಲ್‌ಗಳನ್ನು 24 ಇಂಚಿನಲ್ಲಿ ಹರಡಿದರೆ ಇಂಚಿಗೆ 92 ಪಿಕ್ಸೆಲ್ ಬರುತ್ತದೆ, 27 ಇಂಚಿನಲ್ಲಿ ಹರಡಿದರೆ 82ಕ್ಕೆ ಇಳಿಯುತ್ತದೆ. ಕನ್ನಡ ಓದಿ ಬರೆಯುವವರು 27 ಇಂಚಿನ 1080 ಮಾನಿಟರ್ ಕೊಳ್ಳಲೇಬಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಆ ಅಳತೆಯೇ ಬೇಕೆಂದರೆ 2560×1440 ನೋಡಿ, ಇಂಚಿಗೆ 109 ಸಿಗುತ್ತದೆ. ಕೈಯಲ್ಲಿ ದುಡ್ಡಿದ್ದರೆ 27 ಇಂಚಿನ 4ಕೆ ತಂದು ಸ್ಕೇಲ್ ಶೇ 150 ಇಡಿ. ಇಂಚಿಗೆ 163 ಪಿಕ್ಸೆಲ್ ಇರುವ ಅದರಲ್ಲಿ ಲಕ್ಷ್ಮಿಯ ಒತ್ತು ಅಚ್ಚಿನ ಪುಸ್ತಕಕ್ಕೆ ಹತ್ತಿರವಾಗಿ ಮೂಡುತ್ತದೆ. ನಿಮ್ಮ ಕಂಪ್ಯೂಟರಿನ ಎಚ್‌ಡಿಎಂಐ 2.0 ಅಥವಾ ಅದಕ್ಕೂ ಹೊಸದೇ ಎಂದು ಮೊದಲೇ ವಿಚಾರಿಸಿ, 1.4 ಆದರೆ 4ಕೆ ಚಿತ್ರ ಪೂರ್ಣ ಬಣ್ಣದ ವಿವರದೊಂದಿಗೆ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತದೆ, ಮೌಸ್ ತಡವರಿಸುತ್ತದೆ. ಪ್ಯಾನೆಲ್ ಬಗೆಗಳಲ್ಲಿ ಐಪಿಎಸ್ ಆರಿಸಿ. ಟಿಎನ್ ಪರದೆ ತುಸು ಓರೆಯಾಗಿ ನೋಡಿದರೂ ಬಣ್ಣ ಬದಲಿಸುತ್ತದೆ. ವಿಎ ಪರದೆಗಳಲ್ಲಿ ಕಪ್ಪು ಸೊಗಸು, ಆದರೆ ಕೆಲವುಗಳಲ್ಲಿ ಪುಟ ಸರಿಸುವಾಗ ಕಡುಬಣ್ಣ ಬಾಲದಂತೆ ಎಳೆಯುತ್ತದೆ.

ಅಂಗಡಿಯಲ್ಲಿ ಓಡುತ್ತಿರುವ ಹೂವು, ಜಲಪಾತದ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಅಂಥ ಚಿತ್ರ ಎಂಥ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಕನ್ನಡ ವಿಕಿಪೀಡಿಯದ ಒಂದು ಪುಟ ತೆರೆದು ತೋರಿಸಿ ಎಂದು ಕೇಳಿ, ಕೈಚಾಚಿದಷ್ಟು ದೂರ ನಿಂತು ಒಂದು ಪ್ಯಾರಾ ಓದಿ, ಆಮೇಲೆ ಬಿಲ್ ಮಾಡಿಸಿ.